ನೇರಳೆ ಹಣ್ಣು ಮತ್ತು ನಮ್ಮ ಮಾವನ ಮಾತ್ರೆ

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಪರೀಕ್ಷೆಯಲ್ಲಿ ಉತ್ತರ ಸರಿ ಇದ್ದರೂ ಪಕ್ಕದಲ್ಲಿ ಯುನಿಟ್ ಬರೆಯದಿದ್ದರೆ ನಮ್ಮ ಮೇಷ್ಟ್ರು ಅರ್ಧ ಮಾರ್ಕ್ಸ್ ಕಿತ್ತುಕೊಳ್ಳುತ್ತಿದ್ದರು. "ಐವತ್ತು ಅಂದ್ರೆ ಏನಯ್ಯಾ? ಐವತ್ತು ಕೆಜಿನಾ, ಐವತ್ತು ಕತ್ತೆನಾ?" ಅನ್ನೋರು. ಟಿವಿಗೆ ಬಂದ ಮೇಲೆ ನಾನು ಮೊದಲು ಮರೆತದ್ದೇ ಈ ಪಾಠ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ಬೇರೊಂದು ಚಾನೆಲ್‌ನಲ್ಲಿದ್ದೆ. ಜೂನ್ ತಿಂಗಳು, ಬೆಂಗಳೂರಿನ ಫುಟ್‌ಪಾತ್ ತುಂಬ ನೇರಳೆ ಹಣ್ಣಿನ ಗಾಡಿಗಳು. ಮಧ್ಯಾಹ್ನದ ಬುಲೆಟಿನ್‌ನಲ್ಲಿ ಒಂದು ಹೆಲ್ತ್ ಸ್ಟೋರಿ ಇತ್ತು. ಟೆಲಿಪ್ರಾಂಪ್ಟರ್‌ನಲ್ಲಿ ಬಂದದ್ದನ್ನು ಬಂದ ಹಾಗೇ ಓದಿದೆ: "ಶುಗರ್‌ಗೆ ರಾಮಬಾಣ ಈ ನೇರಳೆ!" ಓದಿ ಕ್ರಿಕೆಟ್ ಸುದ್ದಿಗೆ ಹೋದೆ. ಎಷ್ಟು ತಿನ್ನಬೇಕು, ಯಾರು ತಿನ್ನಬೇಕು, ಮಾತ್ರೆಯ ಜೊತೆಗಾ, ಮಾತ್ರೆಯ ಬದಲಿಗಾ? ಯುನಿಟ್ಟೇ ಇಲ್ಲದ ಉತ್ತರ.

ಒಂದು ತಿಂಗಳಾದ ಮೇಲೆ ಅಮ್ಮನ ಫೋನ್. ಊರಲ್ಲಿರುವ ನನ್ನ ಸೋದರಮಾವನ ಕಾಲಿನ ಗಾಯ ಮಾಯುತ್ತಿಲ್ಲ, ಖಾಲಿ ಹೊಟ್ಟೆಯ ಶುಗರ್ ಮುನ್ನೂರು ದಾಟಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ. ಓಡಿಹೋದೆ. ಮಾವ ಹಾಸಿಗೆಯ ಮೇಲೆ ಕೂತು ನನ್ನನ್ನು ನೋಡಿ ನಕ್ಕರು. "ಅಲ್ಲಯ್ಯಾ ಅಳಿಯ, ನೀನೇ ಹೇಳಿದ್ಯಲ್ಲ ಟೀವೀಲಿ. ಅದಕ್ಕೇ ಮಾತ್ರೆ ನಿಲ್ಲಿಸಿ ದಿನಾ ಅರ್ಧ ಕೆಜಿ ಹಣ್ಣು ತಿಂತಿದ್ದೆ, ಬೀಜದ ಪುಡಿ ಬೇರೆ." ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೇ ವಾಸಿಯಾಗಿತ್ತು.

ಆ ರಾತ್ರಿಯಿಂದ ಹಣ್ಣುಗಳ ವಿಷಯ ಬಂದಾಗಲೆಲ್ಲ ನಾನು ಮೊದಲು ನೋಡುವುದು ಅಂಕಿಯನ್ನು. ನೋಡಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ನೇರಳೆಯದ್ದೇ ಲೆಕ್ಕ. ತಿಂದರೆ ನಾಲಗೆ ನೀಲಿಯಾಗುತ್ತಲ್ಲ, ಆ ಬಣ್ಣದ ಹೆಸರು ಆಂಥೋಸಯನಿನ್. ಸೂಪರ್ ಮಾರ್ಕೆಟ್ಟಿನಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿರುತ್ತದಲ್ಲ ಬ್ಲೂಬೆರಿ, ಅದರ ನೀಲಿಯೂ ಇದೇ ಕುಟುಂಬದ್ದು. ಬ್ಲೂಬೆರಿ ಉತ್ತರ ಅಮೆರಿಕದ ಕಾಡುಗಿಡ. ನ್ಯೂಜೆರ್ಸಿಯಲ್ಲಿ ಎಲಿಜಬೆತ್ ವೈಟ್ ಎಂಬ ಹೆಣ್ಣುಮಗಳು ಮತ್ತು ಫ್ರೆಡೆರಿಕ್ ಕೋವಿಲ್ ಎಂಬ ಸಸ್ಯವಿಜ್ಞಾನಿ ಸೇರಿ ಅದನ್ನು ತೋಟದ ಬೆಳೆ ಮಾಡಿ, ಮೊದಲ ಫಸಲನ್ನು ಮಾರಿದ್ದು 1916ರಲ್ಲಿ. ನಮ್ಮ ನೇರಳೆಗೆ ಅಂಥ ಮಾರ್ಕೆಟಿಂಗ್ ಸಿಗಲಿಲ್ಲ, ಅಷ್ಟೇ.

ಈ ಬಣ್ಣದ ವಸ್ತುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 'ಆಂಟಿಆಕ್ಸಿಡೆಂಟ್ ಅಂಕ' ಕೊಡುವ ಪದ್ಧತಿಯೊಂದಿತ್ತು. ಅಮೆರಿಕದ ಕೃಷಿ ಇಲಾಖೆ ಅದರ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿತ್ತು. ಕಂಪನಿಗಳು ಆ ಅಂಕಿಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಮಾರತೊಡಗಿದವು. 2012ರಲ್ಲಿ ಇಲಾಖೆಯೇ ಆ ಪಟ್ಟಿಯನ್ನು ತೆಗೆದುಹಾಕಿತು. ಕಾರಣ ಸರಳ. ಗಾಜಿನ ನಳಿಕೆಯಲ್ಲಿ ಬಂದ ಅಂಕಿಗೂ ಮನುಷ್ಯನ ದೇಹದಲ್ಲಿ ಆಗುವುದಕ್ಕೂ ನೇರ ಸಂಬಂಧ ಕಾಣಲಿಲ್ಲ, ಪಟ್ಟಿ ದುರುಪಯೋಗವಾಗುತ್ತಿತ್ತು. ಆದರೂ ಇವತ್ತಿಗೂ ವಾಟ್ಸಾಪ್‌ನಲ್ಲಿ 'ಸೂಪರ್ ಫುಡ್' ಓಡಾಡುತ್ತಲೇ ಇದೆ.

ಹಾಗಾದರೆ ನೇರಳೆ ಸುಳ್ಳಾ? ಅಲ್ಲ. ಒಳ್ಳೆಯ ಹಣ್ಣು, ಸಕ್ಕರೆ ಕಾಯಿಲೆಯವರೂ ಮಿತವಾಗಿ ತಿನ್ನಬಹುದಾದ ಹಣ್ಣು. ಬೀಜದ ಪುಡಿ ಪ್ರಾಣಿಗಳಲ್ಲಿ ಸಕ್ಕರೆ ಇಳಿಸಿದ ಪ್ರಯೋಗಗಳೂ ಇವೆ. ಆದರೆ ಮಾತ್ರೆಯನ್ನು ಬಿಟ್ಟು ಇದನ್ನು ತಿನ್ನಿ ಎನ್ನುವಷ್ಟು ಪುರಾವೆ ಮನುಷ್ಯರಲ್ಲಿ ಸಿಕ್ಕಿಲ್ಲ. ನಾನು ಅವತ್ತು ಓದದೆ ಬಿಟ್ಟ ಸಾಲು ಇದೇ.

ಈಗ ವಿಟಮಿನ್ ಸಿ ಗೆ ಬನ್ನಿ. ಇಲ್ಲಿ ಅಂಕಿ ನಂಬಬಹುದು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ನಾವು ಕೈಯಲ್ಲಿ ಹಿಡಿಯುವುದು ಸೇಬು. ನಾನೂ ಮಾವನಿಗೆ ಹಿಡಿದುಕೊಂಡು ಹೋಗಿದ್ದು ಅದನ್ನೇ. ನೂರು ಗ್ರಾಂ ಸೇಬಿನಲ್ಲಿ ಇರುವ ವಿಟಮಿನ್ ಸಿ ಸುಮಾರು 5 ಮಿಲಿಗ್ರಾಂ. ಆ ದುಬಾರಿ ಬ್ಲೂಬೆರಿಯಲ್ಲಿ 10. ಕಿತ್ತಳೆಯಲ್ಲಿ 50ರ ಆಸುಪಾಸು. ಕಿವಿ ಹಣ್ಣಿನಲ್ಲಿ 90. ಸೀಬೆಹಣ್ಣಿನಲ್ಲಿ? 200ಕ್ಕೂ ಹೆಚ್ಚು! ಉತ್ತರ ಕರ್ನಾಟಕದವರ ಪೇರಲ, ಕರಾವಳಿಯವರ ಪೇರಳೆ, ಎಲ್ಲವೂ ಇದೇ. ಬೆಟ್ಟದ ನೆಲ್ಲಿಕಾಯಿ ಅದಕ್ಕಿಂತಲೂ ಮೇಲೆ. ನಮ್ಮ ಐಸಿಎಂಆರ್ ಪ್ರಕಾರ ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ, ಹೆಂಗಸಿಗೆ 65. ಅಂದರೆ ಅರ್ಧ ಸೀಬೆ, ಸಿಪ್ಪೆ ಸಮೇತ. ಮುಗೀತು ಲೆಕ್ಕ. ತುಳಸಿ ಹಬ್ಬಕ್ಕೆ ನೆಲ್ಲಿ ಟೊಂಗೆ ತಂದು ನೆಟ್ಟು, ಕಾಯನ್ನು ಮಾರನೇ ದಿನ ಕಸಕ್ಕೆ ಹಾಕುವ ಮನೆಗಳನ್ನು ನಾನು ನೋಡಿದ್ದೇನೆ. ಅದೇ ಮನೆಯ ಫ್ರಿಜ್ಜಿನಲ್ಲಿ ಕಿವಿ ಹಣ್ಣಿನ ಡಬ್ಬಿ!

ತಮಾಷೆ ಏನು ಗೊತ್ತಾ? ಕಿವಿಯ ಹಳೆಯ ಇಂಗ್ಲಿಷ್ ಹೆಸರು 'ಚೈನೀಸ್ ಗೂಸ್‌ಬೆರಿ'. ನ್ಯೂಜಿಲೆಂಡಿನ ವ್ಯಾಪಾರಿಗಳು ಅಮೆರಿಕಕ್ಕೆ ಮಾರಲೆಂದು 1959ರಲ್ಲಿ ತಮ್ಮ ದೇಶದ ಹಕ್ಕಿಯ ಹೆಸರಿಟ್ಟರು, ಹಣ್ಣು ಜಗತ್ತೇ ಸುತ್ತಿತು. ನಮ್ಮ ನೆಲ್ಲಿ ಇನ್ನೂ 'ಇಂಡಿಯನ್ ಗೂಸ್‌ಬೆರಿ'ಯಾಗಿಯೇ ಉಳಿದಿದೆ. ಇವೆರಡೂ ಅಸಲಿ ಗೂಸ್‌ಬೆರಿ ಅಲ್ಲ ಎನ್ನುವುದು ಬೇರೆ ಮಾತು.

ಈ ವಿಟಮಿನ್ ಅಷ್ಟು ಮುಖ್ಯವಾ ಅಂತ ಕೇಳಬಹುದು. 1747ರಲ್ಲಿ 'ಸಾಲಿಸ್‌ಬರಿ' ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ನಾವಿಕರ ವಸಡು ಕೊಳೆಯುತ್ತಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. ಸ್ಕರ್ವಿ ರೋಗ. ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಜನ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಹೀಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ಸಿಕ್ಕ ಇಬ್ಬರು ಆರೇ ದಿನದಲ್ಲಿ ಚೇತರಿಸಿಕೊಂಡರು. ಆದರೆ ನೌಕಾಪಡೆ ತನ್ನ ನಾವಿಕರಿಗೆ ನಿಂಬೆರಸ ಕೊಡುವ ತೀರ್ಮಾನ ಮಾಡಿದ್ದು 1795ರಲ್ಲಿ. 48 ವರ್ಷ ಬೇಕಾಯಿತು ಸ್ವಾಮಿ! ನಮ್ಮಲ್ಲಿ ಮಾತ್ರ ಫೈಲು ನಿಧಾನ ಅಂತ ಬೈಕೊಳ್ಳಬೇಡಿ.

ನಮ್ಮ ಮನೆಗಳಲ್ಲಿ ಈಗ ಸ್ಕರ್ವಿ ಕಾಣುವುದು ಅಪರೂಪ. ಕಾಣುವುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ಅದು ಇತ್ತು. ರಾಗಿ, ಸೊಪ್ಪು, ಕಾಳಿನಲ್ಲಿ ಕಬ್ಬಿಣವಿದೆ, ಆದರೆ ಆ ಕಬ್ಬಿಣವನ್ನು ಕರುಳು ಸುಲಭಕ್ಕೆ ಎಳೆದುಕೊಳ್ಳುವುದಿಲ್ಲ. ಊಟದ ಜೊತೆ ವಿಟಮಿನ್ ಸಿ ಇದ್ದರೆ ಹೆಚ್ಚು ಎಳೆದುಕೊಳ್ಳುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತದೆ. ಮುದ್ದೆ ಸೊಪ್ಪುಸಾರಿನ ಜೊತೆ ನಾಲ್ಕು ಹೋಳು ಸೀಬೆ, ಅಥವಾ ಒಂದು ನೆಲ್ಲಿಕಾಯಿಯ ಚಟ್ನಿ. ಖರ್ಚು ಎಷ್ಟಾದೀತು ನೀವೇ ಹೇಳಿ. ಸರ್ಕಾರಿ ಶಾಲೆಯ ಅಂಗಳದಲ್ಲಿ ಎರಡು ಸೀಬೆ ಗಿಡ ನೆಟ್ಟರೂ ಸಾಕಲ್ಲವೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮಾವು, ಪರಂಗಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ಹಳದಿ ಕೆಂಪು ಬಣ್ಣವೇ ಕ್ಯಾರೊಟಿನ್, ದೇಹದಲ್ಲಿ ವಿಟಮಿನ್ ಎ ಆಗುತ್ತದೆ, ಕಣ್ಣಿಗೆ ಒಳ್ಳೆಯದು. ಬಾಳೆಯಲ್ಲಿ ಪೊಟ್ಯಾಸಿಯಂ.

ಜ್ಯೂಸ್ ಬಗ್ಗೆ ಮಾತ್ರ ಎರಡು ಮಾತು ಹೇಳಲೇಬೇಕು. ಒಂದು ಲೋಟ ಮೋಸಂಬಿ ಜ್ಯೂಸ್‌ಗೆ ಮೂರು ನಾಲ್ಕು ಹಣ್ಣು ಹೋಗುತ್ತೆ. ನಾರು ಜಾಲರಿಯಲ್ಲೇ ಉಳಿಯುತ್ತೆ, ಸಕ್ಕರೆ ಲೋಟಕ್ಕೆ ಇಳಿಯುತ್ತೆ, ಮೇಲಿನಿಂದ ಅಂಗಡಿಯವನು ಎರಡು ಚಮಚ ಹಾಕುತ್ತಾನೆ. ಹಣ್ಣನ್ನು ಅಗಿದು ತಿಂದರೆ ಆ ಸಕ್ಕರೆ ರಕ್ತಕ್ಕೆ ನಿಧಾನ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಇಡೀ ಹಣ್ಣಿನ ಸಕ್ಕರೆಯನ್ನು ಬಿಟ್ಟು, ಜ್ಯೂಸಿನ ಸಕ್ಕರೆಯನ್ನು ಮಿತಿ ಹಾಕಬೇಕಾದ ಲೆಕ್ಕಕ್ಕೆ ಸೇರಿಸಿದೆ.

ಇನ್ನು 'ಹಣ್ಣು ತಾನೇ, ಏನಾಗುತ್ತೆ' ಅನ್ನುವವರಿಗೆ. ನಕ್ಷತ್ರದಂತೆ ಹೋಳಾಗುವ ಧಾರೆಹುಳಿಯನ್ನು ಕಿಡ್ನಿ ಕೈಕೊಟ್ಟವರು ಮುಟ್ಟಲೇಬಾರದು. ಅದರಲ್ಲಿನ ವಿಷವನ್ನು ಹೊರಹಾಕುವುದು ಕಿಡ್ನಿ. ಅದು ಕೆಲಸ ಮಾಡದಿದ್ದರೆ ವಿಷ ಮೆದುಳಿಗೆ ಏರಿ ಫಿಟ್ಸ್ ಬರುತ್ತದೆ, ಪ್ರಾಣ ಹೋದದ್ದೂ ಇದೆ. ಅಂಥವರು ಬಾಳೆಹಣ್ಣು, ಎಳನೀರನ್ನು ಕೂಡ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಗ್ರೇಪ್‌ಫ್ರೂಟ್ ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳು ರಕ್ತದಲ್ಲಿ ಮಿತಿ ಮೀರಿ ಉಳಿಯುವಂತೆ ಮಾಡುತ್ತದೆ.

ಮಾವನ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಒಂದು ಕಿರುಬೆರಳು ಹೋಯಿತು. ಕಳೆದ ಜೂನ್‌ನಲ್ಲಿ ಊರಿಗೆ ಹೋದಾಗ ಜಗುಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ತಟ್ಟೆ, ಅದರಲ್ಲಿ ಎಂಟು ಹತ್ತು ನೇರಳೆ, ಚಿಟಿಕೆ ಉಪ್ಪು, ಮಾತ್ರೆಯ ಹಾಳೆ. ನನ್ನನ್ನು ನೋಡಿದ್ದೇ ತಟ್ಟೆ ಮುಂದೆ ತಳ್ಳಿ, "ಏನಯ್ಯಾ ಅಳಿಯ, ಇವತ್ತು ಯಾವುದಕ್ಕೆ ಯಾವುದು ರಾಮಬಾಣ?" ಅಂದರು. ನಾನು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಸುಮ್ಮನಾದೆ.