ಏಣಿ ಹತ್ತೋ ಮೊದಲು ಎಟಿ ಟೈಪ್ ಮಾಡಿ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ವರ್ಕ್‌ಶಾಪ್. ಶೀಟಿನ ಮೇಲೆ ನೀರಿನ ಟ್ಯಾಂಕ್, ಅದರ ಪಕ್ಕ ನಮ್ಮ ಪ್ರಾಜೆಕ್ಟಿನ ಟೆಲಿಮೆಟ್ರಿ ರೇಡಿಯೋ. ಕೆಳಗೆ ಲ್ಯಾಪ್‌ಟಾಪಿಗೆ ಅದರ ಜೋಡಿ. ಟ್ಯಾಂಕಲ್ಲಿ ನೀರೆಷ್ಟಿದೆ ಅಂತ ಮೇಲಿನದು ಹೇಳಬೇಕು, ಕೆಳಗಿನದು ಕೇಳಬೇಕು, ಅಷ್ಟೇ. ನಾವು ಒಂದೇ ಒಂದು ಸಂಖ್ಯೆ ಬದಲಾಯಿಸಿದ್ವಿ. ಲಿಂಕ್ ಹೋಯ್ತು. ನಮ್ಮಲ್ಲೊಬ್ಬ ಲ್ಯಾಪ್‌ಟಾಪ್ ಹಿಡ್ಕೊಂಡು ಏಣಿ ಹತ್ತಿದ; ಕಾಲಿಟ್ಟ ಕಡೆ ಶೀಟ್ ಬಿರುಕು ಬಿಡ್ತು. ಕೆಳಗೆ ಕಬ್ಬಿಣದ ಪಟ್ಟಿ ಇದ್ದಿದ್ದಕ್ಕೆ ಉಳಿದ.

ಹತ್ತೋ ಅಗತ್ಯವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಈ ಲೇಖನ.

ಡ್ರೋನ್ ಮಾಡುವವರು ಬಳಸುವ ಅಗ್ಗದ ರೇಡಿಯೋಗಳಲ್ಲಿ ಹೆಚ್ಚಾಗಿ ಸಿಕ್ ಅನ್ನೋ ಓಪನ್ ಸೋರ್ಸ್ ಫರ್ಮ್‌ವೇರ್ ಇರುತ್ತೆ. ಇದನ್ನು ಸೀರಿಯಲ್ ಟರ್ಮಿನಲ್‌ನಿಂದ ಎಟಿ ಕಮಾಂಡ್‌ಗಳಲ್ಲಿ ಹೊಂದಿಸಬಹುದು. ಎಟಿ ಅಂದ್ರೆ ಅಟೆನ್ಶನ್. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಂದ ಪದ್ಧತಿ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ, ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ.)

ಮೊದಲು +++ ಒತ್ತಬೇಕು. ಅದರ ಹಿಂದೆ ಒಂದು ಸೆಕೆಂಡ್, ಮುಂದೆ ಒಂದು ಸೆಕೆಂಡ್ ಏನೂ ಒತ್ತಬಾರದು, ಎಂಟರ್ ಕೂಡ. ನಾವು ಅಭ್ಯಾಸಬಲದಿಂದ ಎಂಟರ್ ಒತ್ತಿ ಒತ್ತಿ ಅರ್ಧ ಗಂಟೆ ಕಳೆದ್ವಿ. ಕಾರಣ ಸರಳ: ಅದೇ ತಂತಿಯಲ್ಲಿ ಡೇಟಾನೂ ಹೋಗ್ತಿರುತ್ತೆ. ಡೇಟಾ ನಡುವೆ ಮೂರು ಪ್ಲಸ್ ಬರಬಹುದು, ಆದರೆ ಎರಡೂ ಕಡೆ ಮೌನ ಇಟ್ಟುಕೊಂಡು ಬರೋದು ಅಪರೂಪ. ಆ ಮೌನದಿಂದಲೇ ರೇಡಿಯೋ ಇದು ಕಮಾಂಡ್ ಅಂತ ಗುರುತಿಸುತ್ತೆ. ಓಕೆ ಬಂದರೆ ಒಳಗೆ ಬಂದಂತೆ.

ಎಟಿಐ5 ಅಂದ್ರೆ ಎಲ್ಲ ಸೆಟ್ಟಿಂಗ್ ತೋರಿಸುತ್ತೆ. ಎಸ್3 ನೆಟ್ ಐಡಿ, ಡಿಫಾಲ್ಟ್ 25. ಪಕ್ಕದಲ್ಲಿ ಇನ್ಯಾರೋ ಇದೇ ಜಾತಿಯ ರೇಡಿಯೋ ಡಿಫಾಲ್ಟಲ್ಲೇ ಬಿಟ್ಟಿದ್ರೆ ಎರಡು ಜೋಡಿ ಕಲಸಿಹೋಗುತ್ತೆ, ಹಾಗಾಗಿ ಬದಲಾಯಿಸಲೇಬೇಕು. ಎಸ್4 ಶಕ್ತಿ, ಡಿಬಿಎಂ ಲೆಕ್ಕದಲ್ಲಿ: 20 ಅಂದ್ರೆ 100 ಮಿಲಿವ್ಯಾಟ್, 30 ಅಂದ್ರೆ 1 ವ್ಯಾಟ್. ಎಸ್8, ಎಸ್9 ಆವರ್ತನದ ಕೆಳ ಮತ್ತು ಮೇಲಿನ ಮಿತಿ, ಕಿಲೋಹರ್ಟ್ಸ್‌ನಲ್ಲಿ. ಆನ್‌ಲೈನಲ್ಲಿ ಸಿಗೋ 915 ಮೆಗಾಹರ್ಟ್ಸ್ ಸೆಟ್ ಅಮೆರಿಕಕ್ಕೆ ಸರಿ, ನಮ್ಮಲ್ಲಿ ಅದು ಲೈಸೆನ್ಸ್ ಇಲ್ಲದೆ ಬಳಸೋ ಬ್ಯಾಂಡ್ ಅಲ್ಲ. 2005ರ ನಿಯಮದಲ್ಲಿ ಬಿಟ್ಟುಕೊಟ್ಟಿದ್ದು 865ರಿಂದ 867; 2021ರ ನಿಯಮದಲ್ಲಿ ಅದು 868ರವರೆಗೆ ಆಯ್ತು. 868ರ ಸೆಟ್ ತಗೊಂಡು ಎಸ್8ಕ್ಕೆ 865000, ಎಸ್9ಕ್ಕೆ 867000 ಕೊಡಿ. ಕಾರ್ಖಾನೆಗಳ ಆರ್‌ಎಫ್‌ಐಡಿ ರೀಡರ್‌ಗಳೂ ಇದೇ ಬ್ಯಾಂಡಿನವು. ಆದ್ದರಿಂದ ಮೊದಲು ಎಟಿ&ಟಿ=ಆರ್‌ಎಸ್‌ಎಸ್‌ಐ ಹಾಕಿ ಸಿಗ್ನಲ್ ಎಷ್ಟು, ಗದ್ದಲ ಎಷ್ಟು ನೋಡ್ಕೊಳ್ಳಿ.

ಈಗ ನಮ್ಮ ತಪ್ಪಿಗೆ ಬರೋಣ. ಎಟಿಎಸ್3=47, ಉಳಿಸೋಕೆ ಎಟಿ&ಡಬ್ಲ್ಯೂ, ರೀಬೂಟ್‌ಗೆ ಎಟಿಝಡ್. ಕೆಳಗಿನ ರೇಡಿಯೋ 47ಕ್ಕೆ ಹೋಯ್ತು, ಮೇಲಿನದು 25ರಲ್ಲೇ ಕೂತಿತ್ತು. ಎಟಿ ಬದಲು ಆರ್‌ಟಿ ಅಂದ್ರೆ ಅದೇ ಕಮಾಂಡ್ ಗಾಳಿಯಲ್ಲಿ ಹೋಗಿ ದೂರದ ರೇಡಿಯೋಗೆ ತಲುಪುತ್ತೆ. ಮೊದಲು ಆರ್‌ಟಿಎಸ್3=47, ಆರ್‌ಟಿ&ಡಬ್ಲ್ಯೂ; ಆರ್‌ಟಿಐ5 ಹಾಕಿ 47 ಕೂತಿದೆಯಾ ನೋಡಿ; ಆಮೇಲೆ ಆರ್‌ಟಿಝಡ್. ಲಿಂಕ್ ಕಡಿಯುತ್ತೆ, ಗಾಬರಿ ಬೇಡ. ಆಮೇಲೆ ನಿಮ್ಮದು. ದೂರದ್ದು ಮೊದಲು, ಹತ್ತಿರದ್ದು ಕೊನೆಗೆ.

ಉಲ್ಟಾ ಆಗಿಬಿಟ್ರೆ? ನಿಮ್ಮದನ್ನು ಮತ್ತೆ 25ಕ್ಕೆ ತನ್ನಿ, ಇಬ್ಬರೂ ಸಿಗ್ತಾರೆ. ನಮಗೆ ಇದು ಹೊಳೆದಿದ್ದು ಅವನು ಕೆಳಗಿಳಿದ ಮೇಲೆ. ಹಳೆಯ ಸಂಖ್ಯೆ ನೆನಪಿರಬೇಕು ಅಷ್ಟೇ, ಅದಕ್ಕೆ ಎಟಿಐ5ರ ಪಟ್ಟಿಯನ್ನು ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ.

ಬಿಡದಿಯಿಂದ ದೂರವೇನಿಲ್ಲ, ಬ್ಯಾಲಾಳು. ಅಲ್ಲಿರೋ ಇಸ್ರೋದ 32 ಮೀಟರ್ ಆಂಟೆನಾ ಮಂಗಳಯಾನದ ಜೊತೆ ಮಾತಾಡ್ತಿತ್ತು. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆ ಸೇರುವಾಗ ಸಿಗ್ನಲ್ ಒಂದು ಕಡೆ ತಲುಪೋಕೇ ಸುಮಾರು 12 ನಿಮಿಷ. ಆದ್ದರಿಂದ ಆ ದಿನದ ಕಮಾಂಡ್‌ಗಳನ್ನು ಮುಂಚೆಯೇ ಕಳಿಸಿಟ್ಟಿದ್ರು. ಅಲ್ಲಿಗೆ ಏಣಿ ಹಾಕೋಕಾಗಲ್ಲವಲ್ಲ.

ನಮ್ಮ ಡಬ್ಬಿ ಈಗಲೂ ಟ್ಯಾಂಕ್ ಪಕ್ಕದಲ್ಲೇ ಇದೆ. ಕೆಳಗಿನ ರೇಡಿಯೋ ಮೇಲೆ ಮಾರ್ಕರಲ್ಲಿ ಬರೆದಿದ್ದೇವೆ: ಈಗ 47, ಮೊದಲು 25.