ಕಪ್ಪಾಗುವ ಬದನೆಯೂ ಮಾತ್ರೆಯ ಮೋಹವೂ

ಬದನೆಕಾಯಿ ಹೆಚ್ಚಿ ನೀರಿಗೆ ಹಾಕಲು ಮರೆತರೆ ಅದು ಕಪ್ಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಗಾಳಿಯ ಆಮ್ಲಜನಕ ತಗಲಿ ಆಗುವ ಈ ಬದಲಾವಣೆಗೆ ಉತ್ಕರ್ಷಣ ಎನ್ನುತ್ತಾರೆ. ನಮ್ಮ ಶರೀರದೊಳಗೂ ಉತ್ಕರ್ಷಣ ಕ್ಷಣಕ್ಷಣವೂ ನಡೆಯುತ್ತಿರುತ್ತದೆ.

ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಪಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಅಣುಗಳು ಹುಟ್ಟುತ್ತವೆ. ಇವೆಲ್ಲ ಶತ್ರುಗಳೆಂದು ಭಾವಿಸಬೇಡಿ. ಇನ್ಸುಲಿನ್ ಬಂದು ಕೋಶದ ಬಾಗಿಲು ತಟ್ಟಿದಾಗ ತುಸು ಪೆರಾಕ್ಸೈಡ್ ಉಂಟಾಗಿ, ಆ ಸಂದೇಶವನ್ನು ಅಳಿಸುವ ಕಿಣ್ವವನ್ನು ಕೊಂಚ ಹೊತ್ತು ತಡೆಹಿಡಿಯುತ್ತದೆ. ಕೀಪ್1 ಎಂಬ ಪ್ರೋಟೀನು ಉತ್ಕರ್ಷಣಗೊಂಡರೆ, ಅದು ಹಿಡಿದಿಟ್ಟ ಎನ್‌ಆರ್‌ಎಫ್2 ಬಿಡುಗಡೆಯಾಗಿ ಕೋಶದ ರಕ್ಷಣಾ ಜೀನ್‌ಗಳನ್ನು ಎಚ್ಚರಿಸುತ್ತದೆ.

ಮಿತಿ ಮೀರಿದಾಗಲೇ ಕೇಡು. ರಕ್ತನಾಳದ ಗೋಡೆಯಲ್ಲಿ ಸಿಲುಕಿದ ಎಲ್‌ಡಿಎಲ್ ಕೊಬ್ಬಿನ ಕಣಗಳು ಉತ್ಕರ್ಷಣಗೊಂಡರೆ, ಬಿಳಿ ರಕ್ತಕಣಗಳು ಅವನ್ನು ನುಂಗಿ ಉಬ್ಬಿ ಅಲ್ಲೇ ಉಳಿಯುತ್ತವೆ. ಕ್ರಮೇಣ ನಾಳ ಕಿರಿದಾಗಿ ಹೃದಯಕ್ಕೆ ಅಪಾಯ ಬರುತ್ತದೆ. ಧೂಮಪಾನ, ಸಕ್ಕರೆ ಕಾಯಿಲೆಗಳು ಈ ಉತ್ಕರ್ಷಣವನ್ನು ಹೆಚ್ಚಿಸುತ್ತವೆ.

ಹಾಗಾದರೆ ಉತ್ಕರ್ಷಣ ನಿರೋಧಕ ಮಾತ್ರೆ ನುಂಗಿದರೆ ಸಾಕೇ? ಫಿನ್ಲೆಂಡ್‌ನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಬದಲಾಗಿ ಶೇ. 18ರಷ್ಟು ಹೆಚ್ಚಾಗಿ ಕಂಡುಬಂತು!

ಸಹೋದರಿಯರೇ, ಜಾಹೀರಾತು ನೋಡಿ ಮಾತ್ರೆ ತರಿಸುವ ಮುನ್ನ ವೈದ್ಯರನ್ನು ಕೇಳಿ. ಆ ಹಣದಲ್ಲಿ ನುಗ್ಗೆಸೊಪ್ಪು, ನೆಲ್ಲಿಕಾಯಿ, ಕ್ಯಾರೆಟ್ ತನ್ನಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಪ್ರೀತಿಯಿಂದಲೇ ಹೇಳಿ ಬಿಡಿಸಿ. ಹೊಗೆ ಮಾಡುವ ಹಾನಿಯನ್ನು ಯಾವ ಮಾತ್ರೆಯೂ ತುಂಬಿಕೊಡದು.