ಪಿಸ್ಟನ್ ತಲೆಯ ಮೇಲಿನ ಮಸಿ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಕೆಲವು ಮನೆಗಳ ಮುಂದೆ ಹಳೆಯ ಅಂಬಾಸಿಡರ್ ಕಾರುಗಳು ಇನ್ನೂ ಕಾಣಸಿಗುತ್ತವೆ. ಇದರ ತಯಾರಿಕೆ ನಿಂತದ್ದು 2014ರಲ್ಲಿ. ಇಂಥ ಕೆಲವು ಪೆಟ್ರೋಲ್ ಕಾರುಗಳು ಕೀಲಿ ತಿರುಗಿಸಿ ಕಿಡಿ ನಿಲ್ಲಿಸಿದ ಮೇಲೂ ನಾಲ್ಕಾರು ಸಲ ಗುಡುಗುಟ್ಟಿ ಆಮೇಲೆ ನಿಲ್ಲುತ್ತವೆ. ‘ಕಾರ್ಬನ್ ಹಿಡಿದಿದೆ, ಹೆಡ್ ಬಿಚ್ಚಬೇಕು’ ಎನ್ನುತ್ತಾರೆ ಮೆಕ್ಯಾನಿಕ್. ಕಿಡಿಯೇ ಇಲ್ಲದೆ ಪೆಟ್ರೋಲ್ ಹೊತ್ತಿಕೊಳ್ಳುವುದು ಹೇಗೆ?

ಕಾರ್ಬುರೇಟರ್ ಹೆಚ್ಚು ಪೆಟ್ರೋಲ್ ಬಿಟ್ಟಾಗ ಅಥವಾ ಸವೆದ ರಿಂಗುಗಳ ಸಂದಿಯಿಂದ ಎಣ್ಣೆ ಮೇಲೇರಿದಾಗ ದಹನ ಅರೆಬರೆಯಾಗುತ್ತದೆ. ಉಳಿದ ಮಸಿ ಪಿಸ್ಟನ್ನಿನ ತಲೆಯ ಮೇಲೆ ಕುಳಿತು, ಬೆಂದು, ಗಟ್ಟಿ ಪದರವಾಗುತ್ತದೆ.

ಈ ಪದರ ಜಾಗವನ್ನೂ ಆಕ್ರಮಿಸುತ್ತದೆ. ಲೆಕ್ಕ ಹಾಕಿ ನೋಡೋಣ. 1489 ಘನ ಸೆಂಟಿಮೀಟರ್‌ನ ಅಂಬಾಸಿಡರ್ ಎಂಜಿನ್ನಿನಲ್ಲಿ ಸಿಲಿಂಡರ್‌ಗಳು ನಾಲ್ಕು. ಒಂದರ ಪಾಲು 372. ಸಂಪೀಡನ ಅನುಪಾತ 7.2 ಎಂದಿಟ್ಟುಕೊಂಡರೆ, ಪಿಸ್ಟನ್ ತುದಿಗೇರಿದಾಗ ಉಳಿಯುವ ಜಾಗ 60 ಘನ ಸೆಂಟಿಮೀಟರ್. ಸಿಲಿಂಡರಿನ ವ್ಯಾಸ 73 ಮಿಲಿಮೀಟರ್. ಪಿಸ್ಟನ್ ಮತ್ತು ಹೆಡ್ ಎರಡರ ಮೇಲೂ ಅರ್ಧ ಮಿಲಿಮೀಟರ್ ಮಸಿ ಕಟ್ಟಿದರೆ ಸುಮಾರು 4 ಘನ ಸೆಂಟಿಮೀಟರ್ ಹೋಯಿತು. ಆಗ ಅನುಪಾತ (372+56)/56, ಅಂದರೆ 7.6. ಈಗಿನ ಪೆಟ್ರೋಲ್ ಇಷ್ಟನ್ನು ತಾಳಿಕೊಳ್ಳುತ್ತದೆ. ಹಾಗಾಗಿ ನಿಜವಾದ ಅಪರಾಧಿ ಒತ್ತಡವಲ್ಲ, ಉಷ್ಣ. ಮಸಿಯ ಉಷ್ಣವಾಹಕತೆ ಅಲ್ಯೂಮಿನಿಯಂಗಿಂತ ಎಷ್ಟೋ ಪಟ್ಟು ಕಡಿಮೆ. ಶಾಖ ಲೋಹಕ್ಕೆ ಇಳಿಯದೆ ಪದರದ ಚೂಪು ಅಂಚುಗಳು ಕೆಂಡವಾಗುತ್ತವೆ. ಆ ಕೆಂಡವೇ ಕಿಡಿಯ ಕೆಲಸ ಮಾಡುತ್ತದೆ. ಕಾರು ಓಡುವಾಗಲೂ ಹೀಗೆ ಹೊತ್ತುಹೊತ್ತಿಗೆ ಮುಂಚೆ ಉರಿ ಹತ್ತಿದರೆ ಪಿಸ್ಟನ್ನಿಗೇ ತೂತು ಬೀಳಬಹುದು.

ಶುಚಿಗೊಳಿಸಲು ಹೆಡ್ ತೆಗೆದು, ಒಟ್ಟಿಗೆ ಏರುವ 1 ಮತ್ತು 4ನೇ ಪಿಸ್ಟನ್‌ಗಳನ್ನು ತುದಿಗೆ ತರಬೇಕು. ಉಳಿದ ಸಿಲಿಂಡರ್‌ಗಳನ್ನೂ ನೀರು, ಎಣ್ಣೆಯ ದಾರಿಗಳನ್ನೂ ಬಟ್ಟೆಯಿಂದ ಮುಚ್ಚಬೇಕು. ಪಿಸ್ಟನ್ ಸುತ್ತಲಿನ ಸಂದಿಗೆ ಗ್ರೀಸ್ ತುಂಬಿದರೆ ಪುಡಿ ಕೆಳಗಿಳಿಯದು. ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚಕ್ಕೆಯಿಂದ ಕೆರೆಯಿರಿ. ಉಕ್ಕಿನ ಬ್ರಷ್ ಮೆದು ಅಲ್ಯೂಮಿನಿಯಂನ ಮೇಲೆ ಗೀರು ಮಾಡುತ್ತದೆ, ಆ ಗೀರುಗಳಲ್ಲೇ ಮಸಿ ಮತ್ತೆ ಬೇಗ ಕೂರುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಅಂಚಿನ ತೆಳು ಮಸಿಬಳೆಯನ್ನು ಅನುಭವಸ್ಥರು ಹಾಗೇ ಬಿಡುತ್ತಾರೆ. ಎಣ್ಣೆ ಮೇಲೇರುವುದನ್ನು ಅದು ಒಂದಿಷ್ಟು ತಡೆಯುತ್ತದೆ.

ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಎಲ್ಲವನ್ನೂ ಅದ್ದುವವರಿದ್ದಾರೆ. ಈ ಎಂಜಿನ್ನಿನ ಹೆಡ್ ಎರಕದ ಕಬ್ಬಿಣದ್ದು, ತಾಳುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಮಾತ್ರ ಹೈಡ್ರೋಜನ್ ಗುಳ್ಳೆಗಳನ್ನು ಬಿಡುತ್ತ ಕರಗತೊಡಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಅಲ್ಯೂಮಿನಿಯಂ ತಗಡಿನ ಚೂರು, ದುರ್ಬಲ ದ್ರಾವಣ ಸಾಕು. ಕನ್ನಡಕ ಹಾಕಿರಲಿ, ಹತ್ತಿರ ಉರಿ ಬೇಡ.

ಮಸಿ ಕೆಲವೇ ತಿಂಗಳಲ್ಲಿ ಮತ್ತೆ ಕಟ್ಟಿದರೆ ರಿಂಗು, ಸಿಲಿಂಡರ್ ಸವೆದಿರಬಹುದು. ಹಾಗಿದ್ದರೆ ಕೆರೆದು ಫಲವಿಲ್ಲ, ಬೋರಿಂಗ್ ಮಾಡಿಸಬೇಕು. ಲೇತ್‌ಗಳಿಗೆ ಹೆಸರಾಗಿದ್ದ ಹರಿಹರ ಪಕ್ಕದಲ್ಲೇ ಇದೆ.